ಮುನ್ನೂರು ಜನ ಕಾದ ನಿದ್ದೆ

ಇದು ಮೂರು ವರ್ಷದ ಹಿಂದಿನ ಮಾತು. ಆಯುಧಪೂಜೆ ಮುಗಿದಿತ್ತು, ದೀಪಾವಳಿ ಇನ್ನೂ ದೂರವಿತ್ತು. ದೆಹಲಿಯಲ್ಲಿ ಆ ಹೊತ್ತಿಗೆ ಸೆಕೆ ಇಳಿದು ಬೆಳಗಿನ ಗಾಳಿ ಹಿತವಾಗಿರುತ್ತದೆ. ಆದರೆ ಸೊಳ್ಳೆಯ ಕಾಲವೂ ಅದೇ.

ನಮ್ಮವರು ಕೇಂದ್ರ ಸರ್ಕಾರದ ನೌಕರರು. ಬಹಳ ವರ್ಷ ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿದ್ದು, ಆಮೇಲೆ ದೆಹಲಿಯದೇ ದ್ವಾರಕಾ ಬಡಾವಣೆಯಲ್ಲಿ ಸ್ವಂತ ಫ್ಲ್ಯಾಟ್ ಮಾಡಿಕೊಂಡೆವು. ಮೇಲಿನ ಮನೆಯವರು ತುಮಕೂರಿನ ಕಡೆಯವರು ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಲಲಿತಮ್ಮ, ಅವರ ಮಗ ಪ್ರಶಾಂತ್, ಸೊಸೆ ಸಿಂಧು, ನಾಲ್ಕು ವರ್ಷದ ಮೊಮ್ಮಗಳು ಮಿಹಿಕಾ, ಎಲ್ಲರ ಬಾಯಲ್ಲಿ ಮಿಹಿ. ಪ್ರಶಾಂತನಿಗೆ ಗುರುಗ್ರಾಮದಲ್ಲಿ ಆಫೀಸು. ಸಿಂಧು ಪೈಲಟ್.

ಪೈಲಟ್ ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವವಳು ಎಂದು ನಾನು ತಿಳಿದಿದ್ದೆ. ಅವಳದು ಹಾಗಲ್ಲ. ಅಮೆರಿಕಕ್ಕೆ, ಕೆನಡಾಕ್ಕೆ ಹೋಗುವ ಉದ್ದದ ದಾರಿಯ ವಿಮಾನಗಳು. ಮುಂದಿನ ತಿಂಗಳು ಯಾವ ದಿನ ಎಲ್ಲಿಗೆ ಎನ್ನುವ ರೋಸ್ಟರ್ ಈ ತಿಂಗಳ ಕೊನೆಯಲ್ಲಿ ಬರುತ್ತಿತ್ತು. ಅದು ಬಂದ ಮೇಲೆಯೇ ಲಲಿತಮ್ಮ ಸತ್ಯನಾರಾಯಣ ಪೂಜೆಯನ್ನು ಯಾವಾಗ ಇಟ್ಟುಕೊಳ್ಳುವುದೆಂದು ನೋಡುತ್ತಿದ್ದರು. ಪುರೋಹಿತರು ಫೋನಿನಲ್ಲಿ, "ತಾಯಿ, ಪಂಚಾಂಗ ನೋಡೋದು ನಾನೋ, ನಿಮ್ಮ ಸೊಸೆ ಕಂಪನಿಯವರೋ?" ಎಂದು ಕೇಳಿದ್ದರಂತೆ.

ಒಂದು ಸಂಜೆ ಹುರುಳಿಕಾಯಿ ಬಿಡಿಸುತ್ತ ಕೂತಾಗ ಸಿಂಧು ಎಲ್ಲವನ್ನೂ ವಿವರಿಸಿದಳು. ಅಷ್ಟು ದೂರದ ವಿಮಾನದಲ್ಲಿ ಇಬ್ಬರಲ್ಲ, ನಾಲ್ವರು ಪೈಲಟ್‌ಗಳಿರುತ್ತಾರೆ. ಇಬ್ಬರು ಹಾರಿಸುವಾಗ ಇನ್ನಿಬ್ಬರು ಕಿಟಕಿಯಿಲ್ಲದ ಪುಟ್ಟ ಗೂಡಿನಂಥ ಜಾಗದಲ್ಲಿ ಮಲಗುತ್ತಾರೆ. ಆಮೇಲೆ ಅದಲು ಬದಲು.

"ಮಧ್ಯದಲ್ಲೇ ಮಲ್ಗೋದಾ?" ಎಂದು ನಾನು ಬಾಯಿ ಬಿಟ್ಟೆ.

"ಮಲಗೋದೂ ಡ್ಯೂಟಿನೇ ವಿಜಯಕ್ಕ. ನಿದ್ದೆ ಬರ್ಲಿಲ್ಲ ಅಂದ್ರೂ ಕಣ್ಣು ಮುಚ್ಕೊಂಡು ಮಲಗಿರ್ಬೇಕು. ಇಳಿಸೋವಾಗ ತಲೆ ನೆಟ್ಟಗಿರ್ಬೇಕಲ್ಲ."

ಅಲ್ಲಿ ಇಳಿದ ಕೂಡಲೇ ವಾಪಸು ಹೊರಡುವ ಹಾಗೂ ಇಲ್ಲ. ಹೋಟೆಲಿನಲ್ಲಿ ಇಷ್ಟು ಹೊತ್ತು ವಿಶ್ರಾಂತಿ ಆಗಲೇಬೇಕೆಂದು ಕಾನೂನಿದೆ. ಇವರು ಅಲ್ಲಿ ಮಲಗಿರುವಾಗ ಮರುದಿನದ ವಿಮಾನದಲ್ಲಿ ಇನ್ನೊಂದು ತಂಡ ಬಂದು ಅದೇ ಹೋಟೆಲಿಗೆ ಸೇರುತ್ತದೆ. ಮೊದಲು ಬಂದವರು ಹೊರಡುತ್ತಾರೆ, ಆಮೇಲೆ ಬಂದವರು ಮಲಗುತ್ತಾರೆ. ಮನೆಗೆ ಬಂದ ಮೇಲೂ ಅಷ್ಟೇ. ಮೈಯೊಳಗಿನ ಹಗಲು ರಾತ್ರಿ ಸರಿಯಾಗುವ ತನಕ ಮತ್ತೆ ಕಳಿಸುವುದಿಲ್ಲ.

ಸಿಂಧು ಹಗಲು ಮಲಗಿದಾಗ ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಕಾಲಿಂಗ್ ಬೆಲ್ ಆಫ್. ತರಕಾರಿ ಭಯ್ಯಾನಿಗೆ ಆ ಮೆಟ್ಟಿಲ ಹತ್ತಿರ ಕೂಗಬೇಡವೆಂದು ತಾಕೀತು. ಲಲಿತಮ್ಮ ಬೇಳೆ ಅಕ್ಕಿ ಸಮೇತ ಕುಕ್ಕರನ್ನು ನಮ್ಮ ಅಡುಗೆಮನೆಗೆ ತಂದು ಕೂಗಿಸಿಕೊಂಡು ಹೋಗುತ್ತಿದ್ದರು. "ಸೊಸೆ ಮಲಗಿದ್ರೆ ಅತ್ತೆ ಬೆಕ್ಕಿನ ಹಾಗೆ ಓಡಾಡೋದು ನಮ್ಮನೇಲಿ ಮಾತ್ರ" ಎಂದು ಅವರೇ ನಗುತ್ತಿದ್ದರು.

ಅದರ ಹಿಂದಿನ ವರ್ಷ ಸಿಂಧುವಿನ ತಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಅವಳು ಹೊರದೇಶದಲ್ಲಿದ್ದಳು. ಗಾಬರಿಯಾದಾಳೆಂದು ಎಲ್ಲರೂ ಸೇರಿ ಮುಚ್ಚಿಟ್ಟಿದ್ದರು. ಬಂದ ಮೇಲೆ ಅವಳು ಯಾರನ್ನೂ ಬೈಯಲಿಲ್ಲ. ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ವಿಜಯಕ್ಕ, ಮನೇಲಿ ಏನೇ ಆದ್ರೂ ನಾನು ಡ್ಯೂಟಿಗೆ ಹೊರಡೋ ಮೊದ್ಲು ನನಗೆ ಗೊತ್ತಾಗ್ಬೇಕು. ಹಾರಿಸಬಹುದಾ ಇಲ್ವಾ ಅಂತ ತೀರ್ಮಾನ ಮಾಡೋದು ನನ್ನ ಕೆಲಸ. ಅತ್ತೆ ಪ್ರೀತಿಯಿಂದ ಮುಚ್ಚಿಡ್ತಾರೆ. ನೀವು ಮುಚ್ಚಿಡಬೇಡಿ."

ಹ್ಞೂಂ ಎಂದು ಮಾತು ಕೊಟ್ಟಿದ್ದೆ. ಅದು ಇಷ್ಟು ಬೇಗ ನನ್ನ ಮುಂದೆ ಬಂದು ನಿಲ್ಲುತ್ತದೆಂದು ಅಂದುಕೊಂಡಿರಲಿಲ್ಲ.

ಆ ವಾರ ಸಿಂಧು ನ್ಯೂಯಾರ್ಕಿಗೆ ಹೋಗಿದ್ದಳು. ಅವಳು ಹೋದ ಮರುದಿನ ಮಿಹಿಗೆ ಜ್ವರ ಬಂತು. ಮಾಮೂಲಿ ಜ್ವರವೆಂದು ಔಷಧಿ ಕೊಟ್ಟರು. ಅದರ ಮಾರನೆಯ ಬೆಳಿಗ್ಗೆ ಮಗು ಕುಡಿದ ನೀರನ್ನೂ ವಾಂತಿ ಮಾಡಿ, ಹೊಟ್ಟೆ ನೋವೆಂದು ಮುದುಡಿಕೊಂಡಿತು. ಹತ್ತಿರದ ಆಸ್ಪತ್ರೆಗೆ ಓಡಿದೆವು. ಡೆಂಗ್ಯೂ. ಪ್ಲೇಟ್‌ಲೆಟ್ ಇಳಿಯುತ್ತಿದೆ, ಇನ್ನೆರಡು ದಿನ ಬಹಳ ಎಚ್ಚರದಿಂದ ನೋಡಿಕೊಳ್ಳಬೇಕು, ಏನೂ ಹೇಳಲಾಗದು ಎಂದರು ಡಾಕ್ಟರು. ಆ ಸಣ್ಣ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ಅಮ್ಮ ಯಾವಾಗ ಬರುತ್ತಾಳೆಂದು ಮಿಹಿ ನನ್ನನ್ನೇ ಕರೆದು ಹಿಂದಿಯಲ್ಲಿ ಕೇಳಿದಳು, "ಆಂಟಿ, ಮಮ್ಮಾ ಕಬ್ ಆಯೇಗೀ?"

ನಾವು ಆಸ್ಪತ್ರೆ ಸೇರುವಾಗ ನ್ಯೂಯಾರ್ಕಿನಲ್ಲಿ ರಾತ್ರಿ. ಸಿಂಧು ಫೋನ್ ಆಫ್ ಮಾಡಿ ಮಲಗಿದ್ದಳು. ನಮ್ಮ ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಎದ್ದು, ವಾಪಸು ವಿಮಾನಕ್ಕೆ ತಯಾರಾಗುತ್ತಾಳೆ. ಅದಕ್ಕೂ ಮೊದಲು ಮಗುವಿನ ಮುಖ ನೋಡಲು ವೀಡಿಯೋ ಕಾಲ್ ಮಾಡುತ್ತಾಳೆ. ಪ್ರಶಾಂತ್ ಫೋನನ್ನು ಕೈಯಲ್ಲಿ ಹಿಡಿದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ.

"ಎತ್ತಬೇಡ ಕಣೋ" ಎಂದರು ಲಲಿತಮ್ಮ. "ಮಗು ಮಲಗಿದೆ ಅಂತ ಮೆಸೇಜ್ ಹಾಕು. ಹೇಗೂ ನಾಳೆ ಬಂದೇ ಬರ್ತಾಳೆ."

ನಾನು, "ಅವಳಿಗೆ ಮಾತು ಕೊಟ್ಟಿದ್ದೀನಿ ಲಲಿತಮ್ಮ" ಎಂದೆ.

ಪ್ರಶಾಂತ್ ತಲೆ ಎತ್ತಿದ. ಅವನ ಕಣ್ಣು ಕೆಂಪಾಗಿತ್ತು. "ಆಂಟಿ, ಅಮ್ಮ ಹೇಳೋದೂ ಸರಿ ಅಲ್ವಾ? ಅವಳು ಮನೆಗೆ ಬರೋ ವಿಮಾನ ಅದೇ. ಅದನ್ನ ಅವಳೇ ಹಾರಿಸ್ಕೊಂಡು ಬರ್ಬೇಕು. ಈಗ ಹೇಳಿದ್ರೆ ಆಗಲ್ಲ ಅಂತಾಳೆ. ಅವಳು ಆಗಲ್ಲ ಅಂದ್ರೆ ನಾಲ್ಕು ಜನದಲ್ಲಿ ಒಬ್ರು ಕಮ್ಮಿ, ವಿಮಾನನೇ ಹೊರಡಲ್ಲ. ಮತ್ತೆ ಹೇಗೆ ಬರ್ತಾಳೆ?"

ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹೇಳಿದರೆ ತಾಯಿಯನ್ನು ಮಗುವಿನಿಂದ ದೂರ ಮಾಡಿದಂತೆ. ಹೇಳದಿದ್ದರೆ, ನಾಳೆ ವಿಷಯ ತಿಳಿದಾಗ ಅವಳು ನನ್ನ ಮುಖ ನೋಡುವುದಾದರೂ ಹೇಗೆ? ಅದಿರಲಿ, ಅವಳ ಕೈಯಲ್ಲಿ ಎಷ್ಟು ಜನರ ಮಕ್ಕಳಿರುತ್ತಾರೆ? ಆದರೂ ಒಳಗೆ ಮಲಗಿದ್ದವಳು ಮಿಹಿ.

ಪ್ರಶಾಂತನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆ ನನ್ನದು ರಿಂಗಾಯಿತು.

"ಅಕ್ಕಾ, ಇವ್ರು ಯಾಕೆ ಫೋನ್ ಎತ್ತುತ್ತಿಲ್ಲ?"

"ಸಿಂಧು, ಕೂತ್ಕೊ. ಮಿಹಿಗೆ ಡೆಂಗ್ಯೂ. ಆಸ್ಪತ್ರೇಲಿದ್ದೀವಿ. ಎಚ್ಚರವಾಗಿದ್ದಾಳೆ, ಮಾತಾಡ್ತಿದ್ದಾಳೆ."

ಅವಳು ಡಾಕ್ಟರ್ ಏನಂದರು, ಅವರು ಹೇಳಿದ್ದನ್ನೇ ಹೇಳಿ, ಹೆಚ್ಚು ಕಮ್ಮಿ ಮಾಡಬೇಡಿ ಎಂದಳು. ಹೇಳಿದೆ. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಎಂದು ಕೇಳಿದಳು. ಹೋಗುತ್ತಿದೆ ಎಂದೆ. ಕಡೆಗೆ ಮೆಲ್ಲಗೆ ಹೇಳಿದಳು, "ಅಕ್ಕ, ನನ್ನ ಮನಸ್ಸೆಲ್ಲ ಮಿಹಿ ಹತ್ರನೇ ಇದೆ. ಇವತ್ತು ನಾನು ಹಾರಿಸೋ ಹಾಗಿಲ್ಲ. ಕ್ಯಾಪ್ಟನ್‌ಗೆ ಹೇಳ್ತೀನಿ."

ಫೋನ್ ಇಟ್ಟೆ. ಲಲಿತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸತ್ಯ ಹೇಳಿ ಪುಣ್ಯ ಕಟ್ಕೊಂಡ್ರಿ ವಿಜಯಾ. ಈಗ ಅವಳು ಅಲ್ಲಿ, ಮಗು ಇಲ್ಲಿ" ಎಂದರು. ಆಮೇಲೆ ನನ್ನ ಜೊತೆ ಮಾತು ನಿಲ್ಲಿಸಿದರು. ಕ್ಯಾಂಟೀನಿನಿಂದ ಚಹಾ ತಂದುಕೊಟ್ಟೆ. ಮುಟ್ಟಲಿಲ್ಲ.

ಹೊರಗೆ ದೀಪ ಹಚ್ಚುವ ಹೊತ್ತಿಗೆ ಸಿಂಧು ಮತ್ತೆ ಫೋನ್ ಮಾಡಿದಳು. ಪ್ರಶಾಂತ್ ಸ್ಪೀಕರ್ ಹಾಕಿದ. ಕ್ಯಾಪ್ಟನ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. "ಹೇಳಿದ್ದು ಒಳ್ಳೇದಾಯ್ತು, ನೀನು ಪ್ಯಾಸೆಂಜರ್ ಆಗಿ ಬಾ" ಎಂದರಂತೆ. ದೆಹಲಿಯ ಆಫೀಸಿನವರು ಪಟ್ಟಿ ತಿರುವಿ ಹಾಕಿದರು. ಹಿಂದಿನ ದಿನ ಬಂದ ತಂಡದವರು ಅದೇ ಹೋಟೆಲಿನಲ್ಲಿ ಮಲಗಿದ್ದರಲ್ಲ, ಅವರಲ್ಲೊಬ್ಬರ ವಿಶ್ರಾಂತಿ ಇನ್ನು ಕೆಲವು ತಾಸಿನಲ್ಲಿ ಮುಗಿಯುತ್ತಿತ್ತು. ಅವರು ಇವಳ ಜಾಗಕ್ಕೆ ಬಂದರೆ ವಿಮಾನ ಹೊರಡಬಹುದು. ಅವರ ಜಾಗಕ್ಕೆ ದೆಹಲಿಯಲ್ಲಿ ಕರೆಗೆ ಕಾದು ಕೂತಿರುವವರೊಬ್ಬರನ್ನು ಮುಂದಿನ ವಿಮಾನದಲ್ಲಿ ಕಳಿಸುತ್ತಾರೆ.

"ಅವ್ರು ಬರ್ತೀನಿ ಅಂದ್ರಾ?" ಎಂದ ಪ್ರಶಾಂತ್.

"ಅವ್ರಿಗಿನ್ನೂ ಗೊತ್ತೇ ಇಲ್ಲ. ಮಲಗಿದ್ದಾರೆ."

ಲಲಿತಮ್ಮ ಮುಂದೆ ಬಾಗಿ, "ಯಾರಾದ್ರೂ ಹೋಗಿ ಬಾಗಿಲು ತಟ್ಟಬಾರದಾ ಸಿಂಧು? ಮಗು ಹೀಗಿದೆ ಅಂದ್ರೆ ಎದ್ದು ಬರಲ್ವಾ?" ಎಂದರು.

"ತಟ್ಟೋ ಹಾಗಿಲ್ಲ ಅತ್ತೆ. ಎಬ್ಬಿಸಿದ್ರೆ ಅವರ ವಿಶ್ರಾಂತಿ ಮುರಿದ ಹಾಗೆ. ಆಮೇಲೆ ಅವ್ರೂ ಹಾರಿಸೋ ಹಾಗಿಲ್ಲ. ಅವ್ರ ಟೈಮ್ ಮುಗಿದ ಮೇಲೆ ಕೇಳ್ತಾರೆ. ಅವ್ರು ನಿದ್ದೆ ಸಾಲಲಿಲ್ಲ ಅಂದ್ರೆ ಅದಕ್ಕೂ ಯಾರೂ ಏನೂ ಅನ್ನೋ ಹಾಗಿಲ್ಲ."

ವಿಮಾನ ಸಿದ್ಧವಾಗಿ ನಿಂತಿದೆ. ಪ್ರಯಾಣಿಕರು ಮುನ್ನೂರು ಜನ. ಇಲ್ಲಿ ಒಂದು ಮಗು ತಾಯಿಗಾಗಿ ಹಂಬಲಿಸುತ್ತಿದೆ. ಇಷ್ಟೆಲ್ಲ ನಿಂತಿರುವುದು ಯಾವುದೋ ಕತ್ತಲ ಕೋಣೆಯಲ್ಲಿ ಹೊದ್ದು ಮಲಗಿದ ಒಬ್ಬ ಮನುಷ್ಯನ ನಿದ್ದೆಯ ಮೇಲೆ. ಅವನಿಗೆ ಇದರ ಅರಿವೂ ಇಲ್ಲ. ಯಾರಿಗೂ ಅವನನ್ನು ಮುಟ್ಟುವ ಅಧಿಕಾರವಿಲ್ಲ.

ಲಲಿತಮ್ಮನ ತುಟಿ ಅಲುಗುತ್ತಿತ್ತು. ವಿಷ್ಣು ಸಹಸ್ರನಾಮ ಇರಬೇಕೆಂದುಕೊಂಡೆ. ಹತ್ತಿರ ಸರಿದಾಗ ಕೇಳಿಸಿತು. "ದೇವರೇ, ಆ ಪುಣ್ಯಾತ್ಮನ ಕೋಣೆ ಹತ್ತಿರ ಯಾರೂ ಸದ್ದು ಮಾಡದೇ ಇರಲಿ. ಚೆನ್ನಾಗಿ ನಿದ್ದೆ ಮಾಡ್ಲಿ ಅವನು." ನನ್ನ ಕಣ್ಣು ತುಂಬಿ ಬಂತು. ಅವರ ಕೈ ಮೇಲೆ ಕೈ ಇಟ್ಟೆ. ತೆಗೆಯಲಿಲ್ಲ.

ನಾವು ತಂದ ಚಪಾತಿ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿರುವಾಗ ಪ್ರಶಾಂತನಿಗೆ ಮೆಸೇಜ್ ಬಂತು. ಓದಿ ಅವನು ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ನಾನು ಫೋನ್ ತೆಗೆದುಕೊಂಡು ನೋಡಿದೆ. 'ಅವರು ಎದ್ದರು. ಬರುತ್ತೇನೆ ಅಂದರು.'

ಮರುದಿನ ಹಗಲು ಇಳಿಯುವ ಹೊತ್ತಿಗೆ ಸಿಂಧು ನೇರವಾಗಿ ಆಸ್ಪತ್ರೆಗೆ ಬಂದಳು. ಯೂನಿಫಾರ್ಮ್ ಇರಲಿಲ್ಲ, ಸಾದಾ ಕುರ್ತಾ. ಅಷ್ಟರಲ್ಲಿ ಮಿಹಿಯ ಪ್ಲೇಟ್‌ಲೆಟ್ ಇಳಿಯುವುದು ನಿಂತಿತ್ತು, ಗಂಜಿ ಎರಡು ಚಮಚ ಹೊಟ್ಟೆಯಲ್ಲಿ ಉಳಿದಿತ್ತು. ತಾಯಿಯ ಕುತ್ತಿಗೆ ಬಿಡದೆ ಹಿಡಿದುಕೊಂಡ ಮಗು ಕೇಳಿತು, "ಮಮ್ಮಾ, ಆಜ್ ಪ್ಲೇನ್ ಆಪ್‌ನೇ ಉಡಾಯಾ?"

"ಇಲ್ಲ ಪುಟ್ಟಿ. ಒಬ್ರು ಅಂಕಲ್ ಹಾರಿಸಿದ್ರು. ನಾನು ಹಿಂದೆ ಕೂತಿದ್ದೆ."

ಮಗು ಮಲಗಿದ ಮೇಲೆ ಅವಳು ನಮಗೆ ಹೇಳಿದಳು. ಅಲ್ಲಿಯ ನಿಲ್ದಾಣದಲ್ಲಿ ಎಲ್ಲರ ಜೊತೆ ಕಾಯುತ್ತ ಕೂತಿದ್ದಳಂತೆ. ತಡವಾಗುತ್ತದೆಂದು ಮಾತ್ರ ಹೇಳಿದ್ದರು, ಕಾರಣ ಹೇಳಿರಲಿಲ್ಲ. ಜನ ಕೌಂಟರಿನ ಮುಂದೆ ಜಗಳ ತೆಗೆದಿದ್ದರು. ಪಕ್ಕದಲ್ಲಿದ್ದ ನಮ್ಮ ದೆಹಲಿಯ ಹಿರಿಯರೊಬ್ಬರು ಸಿಟ್ಟಿನಿಂದ, "ಪೈಲಟ್ ಸೋ ರಹಾ ಹೋಗಾ, ಔರ್ ಕ್ಯಾ" ಎಂದು ಗೊಣಗಿದರಂತೆ.

"ಹೌದು ಅಂಕಲ್, ನಿಜವಾಗ್ಲೂ ಮಲಗಿದ್ದಾರೆ ಅಂತ ಹೇಳ್ಬೇಕು ಅನ್ನಿಸ್ತು ಅಕ್ಕ. ನಿಮಗೋಸ್ಕರನೇ ಮಲಗಿದ್ದಾರೆ, ನನ್ನ ಮಗಳಿಗೋಸ್ಕರನೂ" ಎಂದು ಸಿಂಧು ಅಳುತ್ತಲೇ ನಕ್ಕಳು.

ಆ ಪೈಲಟ್ ಅವಳಿಗೆ ಮೊದಲು ಪರಿಚಯವೇ ಇರಲಿಲ್ಲವಂತೆ. ವಿಮಾನ ಹತ್ತುವ ಮುಂಚೆ ಒಂದು ನಿಮಿಷ ಸಿಕ್ಕಿ, ಮಗುವಿನ ಹೆಸರು ಕೇಳಿದರಂತೆ. ಇವಳು ಥ್ಯಾಂಕ್ಸ್ ಹೇಳಲು ಹೋದರೆ, "ನೀವೂ ಯಾರಿಗಾದ್ರೂ ಮಾಡ್ತೀರಿ. ಈಗ ಹೋಗಿ ಮಲ್ಗಿ" ಎಂದು ಕಾಕ್‌ಪಿಟ್ಟಿನ ಕಡೆ ನಡೆದರಂತೆ. ಆ ವಿಮಾನದಲ್ಲಿ ಅವಳು ಮಗುವಿನ ಹಾಗೆ ಮಲಗಿಬಿಟ್ಟಳಂತೆ.

ಮಿಹಿ ಈಗ ಎರಡನೇ ಕ್ಲಾಸು. ಲಲಿತಮ್ಮ ಆ ದಿನದ ಮಾತಿಗೆ ಎಂದೂ ಕ್ಷಮೆ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆದರೆ ಅದಾದ ಮೇಲೆ ಸಿಂಧು ಹೊರದೇಶದಲ್ಲಿದ್ದಾಗ ಮನೆಯಲ್ಲಿ ಸಣ್ಣಪುಟ್ಟದ್ದೇನೇ ಆದರೂ ಮೊದಲು ಫೋನ್ ಮಾಡಿ ಹೇಳುವವರು ಅವರೇ.

ಹೋದ ಬೇಸಿಗೆಯಲ್ಲಿ ನಾವು ಬೆಂಗಳೂರಿಗೆ ಹೊರಟಾಗ ವಿಮಾನ ತಡವೆಂದು ಹೇಳಿದರು. ಕಾರಣ ಹೇಳಲಿಲ್ಲ. ಸುತ್ತ ಎಲ್ಲರೂ ರೇಗಾಡುತ್ತಿದ್ದರು. ನಮ್ಮವರೂ ವಾಚು ನೋಡಿ ನೋಡಿ, "ಏನಂತೆ ಇವರದು?" ಎಂದರು. ಏನೋ ನನಗೂ ತಿಳಿಯದು. ಯಂತ್ರ ಕೆಟ್ಟಿರಬಹುದು, ಎಲ್ಲೋ ಮಳೆಯಿರಬಹುದು. ಆದರೂ ನನ್ನ ಬಾಯಿಂದ ದನಿ ತಗ್ಗಿಸಿಯೇ ಮಾತು ಬಂತು. "ಯಾರೋ ಮಲಗಿರ್ಬೇಕು ರೀ. ಮಲಗ್ಲಿ ಬಿಡಿ."