ಎರಡು ಬುತ್ತಿ, ಒಂದೇ ಒಲೆ

ಮಕ್ತಲ್ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಸಂಗಮ್ಮನ ಮನೆ. ಅದು ಎರಡು ಮನೆಯಾದದ್ದು ಕರೆಂಟ್ ಬಿಲ್ಲಿನಿಂದ. ಯಾರ ಕೋಣೆಯ ಫ್ಯಾನ್ ಹೆಚ್ಚು ತಿರುಗುತ್ತದೆ ಎಂದು ಅವಳ ಗಂಡ ಗುರುಲಿಂಗನಿಗೂ ಮೈದುನ ಸಿದ್ದರಾಮೇಶನಿಗೂ ಜಗಳ ಹತ್ತಿ, ಖರ್ಚು ಕಡಿಮೆಯಾಗಲಿ ಎಂದು ನಡುವೆ ಗೋಡೆ ಎಬ್ಬಿಸಿದರು. ಎರಡು ಮೀಟರ್ ಬಂದವು. ಎರಡು ಒಲೆ, ಎರಡು ಸಿಲಿಂಡರ್, ಎರಡು ಕಸಬರಿಗೆ. ಅಣ್ಣತಮ್ಮಂದಿರು ಮಾತು ಬಿಟ್ಟರು. ಹಿತ್ತಲು ಮತ್ತು ನಲ್ಲಿ ಮಾತ್ರ ಒಂದೇ ಉಳಿದವು. ಅಲ್ಲಿ ಗಂಡಸರಿಗೆ ಕೆಲಸವಿರಲಿಲ್ಲ.

ಬೇರೆಯಾದ ಮೇಲೆ ಗುರುಲಿಂಗ ಉಳಿತಾಯದ ಬೆನ್ನು ಹತ್ತಿದ. ಮಿಕ್ಸರ್ ಬೇಡ, ಒಳ್ಳುಕಲ್ಲಿನಲ್ಲಿ ಕುಟ್ಟು ಎಂದ. ನೀರಿಗೆ ಹೀಟರ್ ಬೇಡ, ಪುಳ್ಳೆ ಆರಿಸಿ ಕಾಯಿಸು ಎಂದ. ಬಾಗಿಲಿಗೆ ಬರುವ ಹಾಲು ತುಟ್ಟಿ, ಬಸ್ ಸ್ಟ್ಯಾಂಡಿನಾಚೆ ಹೋಗಿ ತಂದರೆ ಅಗ್ಗ ಎಂದ. ಪ್ರತಿ ಉಳಿತಾಯವೂ ಸಂಗಮ್ಮನ ಬಲಗೈಗೆ ಬಂದು ಜೋತುಬಿತ್ತು. ಕೈಗೆ ಮೀಟರ್ ಇರಲಿಲ್ಲವಾದ್ದರಿಂದ ಅದು ಎಷ್ಟು ತಿರುಗಿತೆಂದು ಅವನಿಗೆ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷ ಒಂದು ದಿನವೂ ಬಿಡದೆ ರೊಟ್ಟಿ ಬಡಿದ ಆ ಕೈ, ಜಡೆ ಹಾಕಿಕೊಳ್ಳಲು ಮೇಲೆತ್ತಿದರೂ ನೋಯುತ್ತಿತ್ತು.

ನಾರಾಯಣಪೇಟೆ ಹೊಸ ಜಿಲ್ಲೆಯಾದ ವರ್ಷದ ಬೇಸಿಗೆ. ಸಿದ್ದರಾಮೇಶನ ಹೆಂಡತಿ ಶಿವಗಂಗಾಳ ಸಿಲಿಂಡರ್ ಮುಗಿಯಿತು. ಅವಳು ಹಿಟ್ಟು ನಾದುವ ಪರಾತ ಹೊತ್ತು ಹಿತ್ತಲಿನಿಂದ ಬಂದಳು. ಸಂಗಮ್ಮ ಕಾದ ಹಂಚಿನ ಮೇಲೇ ಅವಳ ರೊಟ್ಟಿಯನ್ನೂ ಬಡಿದುಕೊಟ್ಟಳು. ನೆನೆಸಿಟ್ಟ ಬೇಳೆಗೆ ಇನ್ನೊಂದು ಹಿಡಿ ಸೇರಿಸಿ ಮುಚ್ಚಳ ಮುಚ್ಚಿದಳು. ಹಂಚು ಕಾಯುವ ಹೊತ್ತು ಹತ್ತು ರೊಟ್ಟಿಗೂ ಅಷ್ಟೇ, ಇಪ್ಪತ್ತಕ್ಕೂ ಅಷ್ಟೇ.

ಹೊಸ ಸಿಲಿಂಡರ್ ಬಂದ ದಿನ ಶಿವಗಂಗಾ ಹೇಳಿದಳು:

"ಅಕ್ಕಾ, ಇವತ್ತು ನಿಮ್ಮ ಹಿಟ್ಟು ಇಲ್ಲೆ ಕೊಡ್ರಿ. ನೀವು ಸುಮ್ಕ ಕುಂದರ್ರಿ."

"ಸುಮ್ಕ ಕುಂದ್ರೋದು ಹೆಂಗ ಅಂತ ಮರ್ತೇ ಹೋಗೈತಿ ತಂಗಿ."

ನಿಜವಾಗಿಯೂ ಮರೆತಿತ್ತು. ಆ ಬೆಳಗ್ಗೆ ಅವಳು ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಆಮೇಲೆ ಕಲಿತಳು. ಎರಡೂ ಮನೆಯ ಅಡುಗೆ ದಿನ ಬಿಟ್ಟು ದಿನ ಒಬ್ಬೊಬ್ಬರ ಪಾಳಿ. ತನ್ನದಲ್ಲದ ದಿನ ಜಗಲಿಯಲ್ಲಿ ಕೂತು ನಾರಾಯಣಪೇಟೆ ಅಂಗಡಿಯ ಸೀರೆಗಳಿಗೆ ಕುಚ್ಚು ಕಟ್ಟಿದಳು. ಆ ದುಡ್ಡಿನಲ್ಲಿ, ಯಾರನ್ನೂ ಕೇಳದೆ, ಬಸ್ ಹತ್ತಿ ಗದ್ವಾಲದ ಮಗಳು ಭಾಗ್ಯಜ್ಯೋತಿಯನ್ನು ನೋಡಿಬಂದಳು. ಭುಜದ ನೋವೂ ತುಸು ಇಳಿಯಿತು. ಇಬ್ಬರಿಗೂ ಸಿಲಿಂಡರ್ ಹೆಚ್ಚು ದಿನ ಬಾಳತೊಡಗಿತು. ಗುರುಲಿಂಗ ಯಾರ್ಡಿನಲ್ಲಿ ಎದೆಯುಬ್ಬಿಸಿ, ಇದೆಲ್ಲ ತನ್ನ ಕಟ್ಟುನಿಟ್ಟಿನ ಫಲ ಎಂದ.

ಅಣ್ಣತಮ್ಮ ಇಬ್ಬರೂ ಆ ಯಾರ್ಡಿನಲ್ಲೇ ಬೇರೆ ಬೇರೆ ಅಂಗಡಿಗಳಲ್ಲಿ ಗುಮಾಸ್ತರು. ಮಧ್ಯಾಹ್ನ ಒಂದೇ ಬೇವಿನ ಮರದಡಿ, ಬೆನ್ನಿಗೆ ಬೆನ್ನು ಕೊಟ್ಟು ಉಣ್ಣುತ್ತಿದ್ದರು. ಒಬ್ಬರ ಡಬ್ಬಿ ಒಬ್ಬರಿಗೆ ಕಾಣುತ್ತಿರಲಿಲ್ಲ. ಆದರೆ ಪಕ್ಕದ ಚೀಲದ ಮೇಲೆ ಕೂತ ಹಮಾಲ ಎಂಕಪ್ಪನಿಗೆ ಎರಡೂ ಕಾಣುತ್ತಿದ್ದವು. ತಿಂಗಳೊಪ್ಪತ್ತು ನೋಡಿ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ:

"ಗುರುಲಿಂಗಣ್ಣ, ಗೋಡಿ ಕಟ್ಟಿದ್ರಿ, ಮೀಟರ್ ಬ್ಯಾರೆ ಮಾಡಿದ್ರಿ. ಪುಂಡಿಪಲ್ಯ ಯಾಕ ಬ್ಯಾರೆ ಮಾಡ್ಲಿಲ್ಲ?"

ಹಮಾಲರೆಲ್ಲ ನಕ್ಕರು. ಗುರುಲಿಂಗ ಅರ್ಧಕ್ಕೇ ಡಬ್ಬಿ ಮುಚ್ಚಿ ಮನೆಗೆ ಬಂದ.

"ಯಾರನ್ನ ಕೇಳಿ ಒಲಿ ಕೂಡ್ಸಿದಿ? ನಾಲ್ಕು ಮಂದಿ ಮುಂದ ನನ್ನ ಮರ್ಯಾದಿ ಹೋತು. ನಾಳಿಂದ ಅವರ ಮನಿ ಅಗಳು ಈ ಹೊಸ್ತಿಲ ದಾಟಬಾರದು."

ಸಂಗಮ್ಮ ಹಲ್ಲಲ್ಲಿ ಕಚ್ಚಿದ್ದ ದಾರ ಬಿಡಿಸಿದಳು. ಅವಳಿಗೆ ಮರ್ಯಾದೆಯ ಚಿಂತೆಯಿರಲಿಲ್ಲ. ದಿನ ಬಿಟ್ಟು ದಿನ ಸಿಗುವ ಬಿಡುವಿನ ಬೆಳಗು ಹೋದೀತೆಂಬ ಚಿಂತೆ ಇತ್ತು.

"ಆಗ್ಲಿರಿ. ಬ್ಯಾರೆನೇ ಮಾಡೂಣು. ಆದ್ರ ನನ್ನ ಪಾಳಿ ನಾ ಬಿಡಂಗಿಲ್ಲ. ಇವತ್ತು ಗಂಗಾ ಮಾಡ್ಯಾಳ. ನಾಳಿಂದು ನಾ ಬಡಿತೀನಿ. ನಾಡಿದ್ದಿನ ರೊಟ್ಟಿ ನಿಮ್ಮವು."

"ನಾ ರೊಟ್ಟಿ ಬಡೀಬೇಕಾ? ನಗಿಚಾಟ್ಲಿ ಮಾಡ್ತಿ?"

"ಇಲ್ರಿ. ಉಳಿತಾಯ ಮಾಡೋರು ನೀವು. ಒಂದು ದಿನ ನಿಮ್ಮ ಕೈಲೆ ಮಾಡಿ ನೋಡ್ರಿ."

ಅವನು ಗೋಡೆಯ ಕಡೆ ನೋಡಿದ. ಆಚೆಯಿಂದ ಒಳ್ಳಿನ ಸದ್ದು ಕೇಳುತ್ತಿತ್ತು. ಹೆಂಡತಿಯ ಕೈ ಆಗಲೇ ಮುಂದಿನ ಗಂಟಿಗೆ ಹೋಗಿತ್ತು.

ಮರುದಿನ ಸಂಗಮ್ಮ ಎರಡೂ ಮನೆಯ ಡಬ್ಬಿ ತುಂಬಿದಳು. ಅವನು ತನ್ನದನ್ನು ಒಯ್ದ. ಮೂರನೆಯ ದಿನ ಬೆಳಗ್ಗೆ ಸ್ನಾನ ಮಾಡಿ ಅಡುಗೆಮನೆಗೆ ಬಂದ. ಒಲೆ ತಣ್ಣಗಿತ್ತು. ಪಕ್ಕದಲ್ಲಿ ಪರಾತ, ಹಿಟ್ಟಿನ ಡಬ್ಬ, ಒಂದು ತಂಬಿಗೆ ನೀರು. ಅವನು ಹಿಟ್ಟಿನ ಮುಚ್ಚಳ ತೆಗೆದ, ಒಳಗೆ ನೋಡಿದ, ಮುಚ್ಚಿದ. ಜಗಲಿಗೆ ಬಂದು ನಿಂತ.

"ಇವತ್ತು ಗಂಗಾನ ಪಾಳಿ ಅಲ್ಲ?"

"ಹೌದ್ರಿ."

"ಮತ್ತ ಡಬ್ಬಿ?"

"ಹಿತ್ತಲ ಬಾಗ್ಲ ತೆರದೈತಿ. ಹೋಗಿ ತರ್ರಿ. ಇಲ್ಲೆ ನನ್ನ ಕೈಯಾಗ ಸೀರಿ ಐತಿ."

ಗುರುಲಿಂಗ ಖಾಲಿ ಡಬ್ಬಿ ಹಿಡಿದು, ಗೋಡೆ ಎದ್ದ ಮೇಲೆ ಮೊದಲ ಬಾರಿಗೆ ಹಿತ್ತಲಿಗೆ ಇಳಿದ. ಆಚೆ ಬಾಗಿಲಲ್ಲಿ ತಮ್ಮನೂ ತನ್ನ ಡಬ್ಬಿ ಹಿಡಿದು ನಿಂತಿದ್ದ.