ಮ್ವಾಲಿಮು ಬರೆದಿಟ್ಟ ಹೆಸರುಗಳು

ಗೋರಂಟಿಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದ ಹತ್ತು ಉಗುರುಗಳು, ಅವುಗಳ ಮೇಲೆ ಸೀಮೆಸುಣ್ಣದ ಬಿಳಿ ಪುಡಿ. ಮ್ವಾಲಿಮು ಎಂದರೆ ಮೊದಲು ನನ್ನ ಕಣ್ಣಿಗೆ ಕಟ್ಟುವುದು ಆ ಕೈಗಳು. ಮಾತಾಡುವಾಗ ಅವು ಸುಮ್ಮನಿರುತ್ತಿರಲಿಲ್ಲ. ಎದುರಿಗಿದ್ದವರ ಸೆರಗು ಸರಿಮಾಡುತ್ತಿದ್ದವು, ಇಲ್ಲವೇ ಮೇಜಿನ ಮೇಲಿನ ಬಿಸ್ಕತ್ತಿನ ಪುಡಿ ಒರೆಸುತ್ತಿದ್ದವು.

ಸ್ವಾಹಿಲಿಯಲ್ಲಿ ಮ್ವಾಲಿಮು ಅಂದರೆ ಶಿಕ್ಷಕರು. ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ನಮ್ಮ ಶಾಲೆಯಲ್ಲಿ ಪಾಠ ಹೇಳುವವರು ಎಷ್ಟು ಜನರಿದ್ದರೂ ಆ ಹೆಸರು ಅವರೊಬ್ಬರಿಗೇ ಮೀಸಲು. ಗೇಟಿನ ಕಾವಲುಗಾರನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಮೈಸೂರಿನಿಂದ ಗಂಡನ ಬ್ಯಾಂಕ್ ಕೆಲಸದ ಬೆನ್ನು ಹತ್ತಿ ಬಂದು ಆ ಶಾಲೆಗೆ ಗಣಿತದ ಟೀಚರಾಗಿ ಸೇರಿದ ನನಗೆ ಸ್ಟಾಫ್‌ರೂಮಿನಲ್ಲಿ ಅವರ ಪಕ್ಕದ ಕುರ್ಚಿ ಸಿಕ್ಕಿತು. ಅವರು ಸ್ವಾಹಿಲಿ ಕಲಿಸುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನನ್ನು ‘ಬಿಂತಿ’ ಎನ್ನುತ್ತಿದ್ದರು. ಮಗಳು ಎಂದರ್ಥ. ನಾವು ಸ್ವಾಹಿಲಿ, ಇಂಗ್ಲಿಷ್ ಬೆರೆಸಿ ಆಡಿದ ಮಾತೆಲ್ಲ ನನ್ನ ನೆನಪಿನಲ್ಲಿ ಮಾತ್ರ ಯಾಕೋ ಕನ್ನಡದಲ್ಲೇ ಉಳಿದುಬಿಟ್ಟಿದೆ.

ನನ್ನ ಸ್ವಾಹಿಲಿಯನ್ನು ಅವರು ಎಷ್ಟು ತಿದ್ದಿದರೋ ಲೆಕ್ಕವಿಲ್ಲ. ಒಂದು ದಿನ ಆಯಾಗೆ ಚಹಾ ತರಲು ಹೇಳಿದೆ. ಮ್ವಾಲಿಮು ತಕ್ಷಣ, “ಬಿಂತಿ, ವ್ಯಾಕರಣ ಸರಿಯಾಗಿದೆ. ಆದ್ರೆ ಅವಳ ಹೆಸರೇ ಬರಲಿಲ್ಲವಲ್ಲ?” ಅಂದರು. ಎರಡು ವರ್ಷದಿಂದ ಅವಳು ಮಾಡಿಕೊಟ್ಟ ಚಹಾ ಕುಡಿಯುತ್ತಿದ್ದೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ.

ನಮಗೆ ಇಲ್ಲಿನ ಪೌರತ್ವ ಸಿಕ್ಕಿ, ಗುರುತಿನ ಚೀಟಿ ಕೈಗೆ ಬಂದ ದಿನ ಕೊಬ್ಬರಿ ಮಿಠಾಯಿ ಮಾಡಿಕೊಂಡು ಶಾಲೆಗೆ ಹೋಗಿದ್ದೆ. ಈ ಚೀಟಿಯನ್ನು ಇಲ್ಲಿ ಎಲ್ಲರೂ ಕಿಪಾಂಡೆ ಅನ್ನುತ್ತಾರೆ. ಅದಿಲ್ಲದೆ ಬ್ಯಾಂಕ್ ಖಾತೆಯಿಲ್ಲ, ಫೋನಿಗೆ ಸಿಮ್ ಇಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಮ್ವಾಲಿಮು ನನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ಮಿಠಾಯಿ ತಿಂದು, ಮೂರನೆಯದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. “ಇದು ನನ್ನ ಮಗಳಿಗೆ” ಎಂದರು.

ಆ ಮಗಳಿಗೆ ಕಿಪಾಂಡೆ ಇಲ್ಲವೆಂದು ನನಗೆ ತಿಳಿದದ್ದು ಮಾರನೇ ದಿನ, ಇನ್ನೊಬ್ಬ ಟೀಚರಿಂದ.

ಮ್ವಾಲಿಮು ನೂಬಿಯನ್ ಸಮುದಾಯದವರು. ನೂರು ವರ್ಷಗಳಿಗೂ ಹಿಂದೆ ಬ್ರಿಟಿಷರು ಅವರ ಹಿರಿಯರನ್ನು ಸೂಡಾನಿನ ಕಡೆಯಿಂದ ಸಿಪಾಯಿಗಳಾಗಿ ಕರೆತಂದು, ಕೊನೆಗೆ ನೈರೋಬಿಯ ಅಂಚಿನ ಕಾಡಿನಲ್ಲಿ ಬಿಟ್ಟಿದ್ದರು. ಆ ಕಾಡೇ ಇಂದಿನ ಕಿಬೇರಾ. ಅವರ ಭಾಷೆಯಲ್ಲಿ ಆ ಹೆಸರಿಗೂ ಕಾಡೆಂದೇ ಅರ್ಥ. ಅಲ್ಲೇ ಹುಟ್ಟಿ, ಅಲ್ಲೇ ಮಣ್ಣಾದ ತಲೆಮಾರುಗಳಿದ್ದರೂ ಅವರ ಮಕ್ಕಳು ಹದಿನೆಂಟು ತುಂಬಿ ಚೀಟಿ ಕೇಳಲು ಹೋದರೆ ಉಳಿದವರಿಗಿಲ್ಲದ ಒಂದು ವಿಚಾರಣೆ. ಒಂದು ಸಮಿತಿಯ ಮುಂದೆ ನಿಲ್ಲಬೇಕು, ತಾತನ ದಾಖಲೆ ತೋರಿಸಬೇಕು, ತಾವು ಹೊರಗಿನವರಲ್ಲವೆಂದು ನಂಬಿಸಬೇಕು. ಮಗಳು ಎರಡು ಸಲ ಹೋಗಿ ಬರಿಗೈಯಲ್ಲಿ ವಾಪಸಾಗಿದ್ದಳು. ನನಗಾದರೋ ಅರ್ಜಿ ಹಾಕಿದ ಮೇಲೆ ಒಂದಿಷ್ಟು ಓಡಾಟ, ಅಷ್ಟೇ.

ಮೂರನೆಯ ಸಲ ನಾನೂ ಜೊತೆಗೆ ಹೊರಟೆ. “ನಮಗ್ಯಾಕೆ ಈ ಉಸಾಬರಿ? ನಾವೇ ನಿನ್ನೆ ಮೊನ್ನೆ ಬಂದವರು” ಎಂದು ನನ್ನ ಗಂಡ ಗೊಣಗಿದರು. ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಮ್ವಾಲಿಮು ಮಡಿಲ ಮೇಲೆ ಒಂದು ಪ್ಲಾಸ್ಟಿಕ್ ಫೈಲ್ ಇಟ್ಟುಕೊಂಡು, ಅದರ ಮೇಲೆ ಎರಡೂ ಕೈ ಊರಿ ಕುಳಿತಿದ್ದರು. ಮಗಳು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಪರೀಕ್ಷೆಗೆ ಹೊರಟವಳಂತೆ ಪೆನ್ನು ಸಿಕ್ಕಿಸಿಕೊಂಡಿದ್ದಳು.

ಕಚೇರಿಯಲ್ಲಿ ಒಂದೂವರೆ ಗಂಟೆ ನಿಂತ ಮೇಲೆ ಒಳಗೆ ಕರೆದರು. ಮೇಜಿನ ಹಿಂದೆ ನಾಲ್ವರಿದ್ದರು. ಅವರಲ್ಲೊಬ್ಬರು ನನ್ನನ್ನು ನೋಡಿದ್ದೇ ಎದ್ದು, ಮೂಲೆಯಲ್ಲಿದ್ದ ಕುರ್ಚಿ ಎಳೆದು, “ಕರಿಬು ಮೇಡಂ, ಕೂತ್ಕೊಳಿ” ಎಂದರು. ನಾನು ಕುಳಿತೆ. ಅರವತ್ತರ ಹತ್ತಿರವಿದ್ದ ಮ್ವಾಲಿಮು ನಿಂತೇ ಇದ್ದರು.

“ನಿನ್ನ ತಾತ ಎಲ್ಲಿ ಹುಟ್ಟಿದ್ದು?” ಎಂದು ಮಗಳನ್ನು ಕೇಳಿದರು.

“ಕಿಬೇರಾದಲ್ಲಿ.”

“ಅವರ ಜನನ ಪತ್ರ?”

“ಆ ಕಾಲದಲ್ಲಿ ಅದನ್ನ ಯಾರು ಕೊಡ್ತಿದ್ರು? ಅವರ ಸೈನ್ಯದ ಕಾಗದ ಇದೆ, ನನ್ನ ಕಿಪಾಂಡೆ ಇದೆ, ಇವಳ ಶಾಲೆಯ ಸರ್ಟಿಫಿಕೇಟ್ ಎಲ್ಲಾ ಇದೆ” ಎಂದು ಮ್ವಾಲಿಮು ಫೈಲ್ ಬಿಚ್ಚಿದರು.

“ತಾಯಿ ಮಾತಾಡೋ ಹಾಗಿಲ್ಲ.”

ಮಗಳ ಸ್ವಾಹಿಲಿಯನ್ನು ಕೂಡ ಪರೀಕ್ಷಿಸಿದರು. ಅದೇ ಭಾಷೆಯನ್ನು ಈ ಊರಿನ ಸಾವಿರಾರು ಮಕ್ಕಳಿಗೆ ಕಲಿಸಿದವರು ಎರಡು ಅಡಿ ದೂರದಲ್ಲಿ ತುಟಿ ಬಿಗಿಹಿಡಿದು ನಿಂತಿದ್ದರು. ಕೊನೆಗೆ, ಇನ್ನೊಂದು ಕಾಗದ ತಂದು ಮುಂದಿನ ತಿಂಗಳು ಬನ್ನಿ ಎಂದರು. ನನ್ನ ತಾತ ಎಲ್ಲಿಯವರು, ನನ್ನ ದೇಶ ಯಾವುದೆಂದು ಮಾತ್ರ ಯಾರೂ ಕೇಳಲಿಲ್ಲ. ‘ಅಸಾಂಟೆ’ ಎಂದು ಧನ್ಯವಾದ ಹೇಳಿ, ನಾನು ಎದ್ದು ಬಂದೆ.

ಹೊರಗೆ ಬಂದು ಕಡಲೆಕಾಯಿ ಮಾರುವವಳ ಹತ್ತಿರ ನಿಂತಾಗ ನನಗೆ ತಡೆಯಲಾಗಲಿಲ್ಲ. “ಮ್ವಾಲಿಮು, ನೀವು ನಿಂತಿದ್ರಿ, ನಾನು ಕೂತುಬಿಟ್ಟೆ. ತಪ್ಪಾಯ್ತು” ಎಂದೆ.

ಅವರು ನನ್ನ ದುಪಟ್ಟಾ ಸರಿಮಾಡಿದರು. “ಕೂತಿದ್ದಕ್ಕೆ ಬೇಜಾರಿಲ್ಲ ಬಿಂತಿ. ಕೂತ್ಕೊಂಡು ಒಂದು ಮಾತೂ ಆಡಲಿಲ್ಲ ನೋಡು, ಅದಕ್ಕೆ ಬೇಜಾರು. ನಿನ್ನ ಮಾತನ್ನ ಅವರು ಕೇಳ್ತಿದ್ರು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಇನ್ನೂ ಕುಗ್ಗಿಸಿತು.

ಅದಾದ ವಾರ ಅವರು ನನ್ನ ಮುಂದೆ ಮೂರು ದಪ್ಪ ನೋಟ್‌ಬುಕ್ಕುಗಳನ್ನು ಇಟ್ಟರು. ವರ್ಷಗಳಿಂದ ಅವರ ಗಲ್ಲಿಯಲ್ಲಿ ಯಾರು ಯಾರು ಚೀಟಿ ಕೇಳಿ ವಾಪಸಾದರು, ಯಾವ ದಿನ, ಏನು ಕೇಳಿದರು, ಏನು ಉತ್ತರ ಕೊಟ್ಟರು, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ನರ್ಸಿಂಗ್ ಸೀಟು ಬಿಟ್ಟುಕೊಟ್ಟ ಹುಡುಗಿ. ನಲವತ್ತಾದರೂ ಒಮ್ಮೆಯೂ ವೋಟು ಹಾಕದ ಬಡಗಿ. ಒಬ್ಬ ಹೆಂಗಸಿನ ಹೆಸರಿನ ಮುಂದೆ ‘ಅತ್ತಳು, ಆಮೇಲೆ ನಕ್ಕಳು’ ಎಂದಷ್ಟೇ ಇತ್ತು.

“ಒಬ್ಬ ವಕೀಲರು ಇದನ್ನ ಕೋರ್ಟಿಗೆ ಹಾಕ್ತೀನಿ ಅಂದಿದ್ದಾರೆ. ಟೈಪ್ ಆಗಬೇಕು. ನನಗೆ ಕಂಪ್ಯೂಟರ್ ಬರಲ್ಲ” ಎಂದರು.

ಶಾಲೆ ಬಿಟ್ಟ ಮೇಲೆ ಎರಡು ತಿಂಗಳು ಅವರು ಓದುವುದು, ನಾನು ಟೈಪ್ ಮಾಡುವುದು. ಪ್ರತಿ ಹೆಸರನ್ನೂ ಅವರು ಎರಡು ಸಲ ಹೇಳುತ್ತಿದ್ದರು. ಒಂದಕ್ಷರ ತಪ್ಪಿದರೂ ಬಿಡುತ್ತಿರಲಿಲ್ಲ. “ಅವರು ತಿರಸ್ಕರಿಸೋಕೆ ಒಂದಕ್ಷರ ಸಾಕು” ಎನ್ನುತ್ತಿದ್ದರು. ಎಂಟು ವರ್ಷ ಈ ಊರಲ್ಲಿದ್ದು ನನಗೆ ತಿಳಿಯದೇ ಹೋದ ನೈರೋಬಿಯನ್ನು ಆ ಎರಡು ತಿಂಗಳಲ್ಲಿ ತಿಳಿದುಕೊಂಡೆ.

ಆಮೇಲೆ ಚುನಾವಣೆ ಬಂತು. ನಮ್ಮವರದೊಂದು ಅಭ್ಯಾಸವಿದೆ. ಚುನಾವಣೆ ಹತ್ತಿರವಾದರೆ ಗಲಾಟೆಯ ಭಯಕ್ಕೆ ಅಕ್ಕಿ, ಬೇಳೆ, ಹಾಲಿನ ಪುಡಿ ತುಂಬಿಟ್ಟುಕೊಳ್ಳುವುದು, ಆಗುವವರು ಬೆಂಗಳೂರಿಗೆ ಟಿಕೆಟ್ ಮಾಡಿಸುವುದು. ನಾವೂ ಮಾಡಿಸಿದ್ದೆವು. ಹೇಳಿದಾಗ ಮ್ವಾಲಿಮು, “ಹೋಗಿ ಬಾ. ನನ್ನ ಮಗಳು ಇಲ್ಲೇ ಇರ್ತಾಳೆ, ವೋಟಿಲ್ಲ. ನಿನಗೆ ವೋಟಿದೆ, ನೀನಿರಲ್ಲ” ಎಂದರು.

ಆ ದಿನ ಮನೆಗೆ ಹೋಗಿ ಗಂಡನ ಜೊತೆ ಜಗಳವಾಡಿದೆ. ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಟಿಕೆಟ್ ರದ್ದು ಮಾಡಿಸಿ, “ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗ್ಬೇಕಂತೆ?” ಎಂದು ಕೇಳಿದರು. ನಮ್ಮ ಮನೆಯಿರುವ ಕಿಲೆಲೆಶ್ವಾದ ಶಾಲೆಯೊಂದರ ಅಂಗಳದಲ್ಲಿ, ನಮ್ಮ ಕಟ್ಟಡದ ಕಾವಲುಗಾರನ ಹಿಂದೆ, ಜೀವನದಲ್ಲಿ ಮೊದಲ ಸಲ ಈ ದೇಶದ ಸಾಲಿನಲ್ಲಿ ನಿಂತೆ. ಅದೇ ಹೊತ್ತಿಗೆ ಕಿಬೇರಾದಲ್ಲಿ ಮ್ವಾಲಿಮು ವೋಟು ಹಾಕಿ ಬರುವವರೆಗೂ ಅವರ ಮಗಳು ಬೇಲಿಯ ಹೊರಗೆ ಅವರ ಚೀಲ ಹಿಡಿದು ಕಾದಿದ್ದಳಂತೆ.

ಕೋರ್ಟಿನ ಕೇಸು ಮುಂದೂಡಿಕೆಯ ಮೇಲೆ ಮುಂದೂಡಿಕೆಯಾಗಿ ಎಳೆದಾಡಿತು. ಅಷ್ಟರಲ್ಲಿ ಮ್ವಾಲಿಮು ನಿವೃತ್ತರಾದರು. ಸಕ್ಕರೆ ಕಾಯಿಲೆ ಕಾಲಿಗಿಳಿಯಿತು. ಆದರೂ ಕಚೇರಿಗೆ ಹೋಗುವವರ ಜೊತೆ ಕೋಲೂರಿಕೊಂಡು ಹೋಗುವುದನ್ನು ಬಿಡಲಿಲ್ಲ. ರಜಾದಿನಗಳಲ್ಲಿ ನಾನೂ ಹೋಗುತ್ತಿದ್ದೆ. ಈಗ ನಾನು ಕೂರುತ್ತಿರಲಿಲ್ಲ, ಬಾಯನ್ನೂ ಮುಚ್ಚಿಕೊಂಡಿರುತ್ತಿರಲಿಲ್ಲ. ಕೆಲವೊಮ್ಮೆ ಕೆಲಸವಾಗುತ್ತಿತ್ತು. ಹೆಚ್ಚಿನ ಸಲ ಆಗುತ್ತಿರಲಿಲ್ಲ.

ಕೊನೆಗೊಂದು ದಿನ ಆ ವಿಶೇಷ ವಿಚಾರಣೆಯನ್ನು ನಿಲ್ಲಿಸಿರುವುದಾಗಿ ಸರ್ಕಾರ ಹೇಳಿತು. ನಾನು ಕುಣಿದಾಡುತ್ತ ಫೋನ್ ಮಾಡಿದರೆ, “ರೇಡಿಯೋದಲ್ಲಿ ಹೇಳಿದ್ದು ಕೈಗೆ ಬರಲಿ, ಆಮೇಲೆ ಮಿಠಾಯಿ ಮಾಡುವಿಯಂತೆ” ಎಂದರು. ಕೈಗೂ ಬಂತು. ಚೀಟಿ ತಂದು ತೋರಿಸಿದ ಮಗಳ ಮುಖವನ್ನು ಮ್ವಾಲಿಮು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಆಮೇಲೆ, “ಪಕ್ಕದ ಮನೆಯವಳ ಕಾಗದ ಎಲ್ಲಿಗೆ ಬಂತು, ಕೇಳ್ಕೊಂಡು ಬಾ” ಎಂದು ಅವಳನ್ನು ಓಡಿಸಿದರು.

ಏಳು ತಿಂಗಳ ನಂತರ, ಒಂದು ಬೆಳಿಗ್ಗೆ ಚಹಾ ಕುಡಿಯುತ್ತಲೇ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಕಿಬೇರಾ ಮುಟ್ಟುವಷ್ಟರಲ್ಲಿ ಗಂಡಸರು ಅವರನ್ನು ಹೊತ್ತುಕೊಂಡು ಹೋಗಿ ಆಗಿತ್ತು. ಮನೆಯೊಳಗೆ ಚಾಪೆಗಳ ಮೇಲೆ ಹೆಂಗಸರು ಒತ್ತೊತ್ತಾಗಿ ಕುಳಿತು ಪ್ರಾರ್ಥನೆ ಹೇಳುತ್ತಿದ್ದರು. ಒಬ್ಬೊಬ್ಬರ ಮುಖ ನೋಡುತ್ತ ಹೋದಂತೆ ನಾನು ಟೈಪ್ ಮಾಡಿದ ಎಷ್ಟೋ ಹೆಸರುಗಳು ಇವರದ್ದೇ ಇರಬೇಕು ಅನ್ನಿಸಿತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೆ. ಅವರ ರೂಢಿಯಲ್ಲಿ ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಅದೊಂದನ್ನು ಅವರು ಕಲಿಸಿರಲಿಲ್ಲ.

ಗೋಡೆಗೊರಗಿ ಕುಳಿತಿದ್ದ, ಕಣ್ಣು ಮಂಜಾದ ಅಜ್ಜಿಯೊಬ್ಬರು ನನ್ನತ್ತ ತಲೆಯೆತ್ತಿ, “ಯಾರಿವಳು? ಎಲ್ಲಿಯವಳು?” ಎಂದು ಕೇಳಿದರು.

ಶಾಲೆ, ಊರು, ದೇಶ, ಎಲ್ಲಿಂದ ಶುರುಮಾಡಲಿ ಎಂದು ನಾನು ತಡವರಿಸುತ್ತಿರುವಾಗ ಒಳಗಿನಿಂದ ಬಂದ ಮಗಳು, “ನಮ್ಮವಳು ಅಜ್ಜಿ, ನಮ್ಮ ಮನೆಯವಳು” ಎಂದಳು.

ಅಜ್ಜಿಗೆ ಅಷ್ಟು ಸಾಕಾಯಿತು. ಮತ್ತೇನೂ ಕೇಳದೆ ಮಂಡಿ ಮಡಚಿ ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ನನಗೆ ಜಾಗ ಮಾಡಿಕೊಟ್ಟರು.