ಅತ್ತಿಗೆ ಕರಗಿಸಿದ ಕೊಬ್ಬು

ನಮ್ಮತ್ತಿಗೆಯದು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಕೆಲಸ, ಮನುಷ್ಯರ ಕೊಬ್ಬಿನಿಂದ ಸ್ಟೆಮ್ ಸೆಲ್ ಬೇರ್ಪಡಿಸುವುದು. ಕೊಬ್ಬನ್ನು ಉಪ್ಪುನೀರಿನಲ್ಲಿ ತೊಳೆದು, ಕಿಣ್ವ ಹಾಕಿ ಬೆಚ್ಚಗೆ ಕರಗಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೋಶಗಳು ತಳಕ್ಕಿಳಿಯುತ್ತವೆ. ತಮಾಷೆ ಎಂಬುದು ಮಾತ್ರ ಅತ್ತಿಗೆಯ ತಲೆಗೆ ಇಳಿಯುವುದಿಲ್ಲ.

ಮೊನ್ನೆ ಹೊಸ ನಿರ್ದೇಶಕರು ಜೇಬಿನಲ್ಲಿ ಕೈಯಿಟ್ಟುಕೊಂಡೇ ಒಳಗೆ ಬಂದು, "ಏನಮ್ಮಾ, ಇಲ್ಲೇನ್ ಮಾಡ್ತೀಯ?" ಎಂದು ಗದರಿದರು.

ಅತ್ತಿಗೆ ಟ್ಯೂಬಿನಿಂದ ಕಣ್ಣೆತ್ತದೆ, "ಕೊಬ್ಬು ಕರಗಿಸ್ತೀನಿ ಸರ್" ಎಂದರು.

ನಿರ್ದೇಶಕರ ಕೈ ಜೇಬಿನಿಂದ ಹೊರಬಂತು. "ಯಾರದ್ದು?"

"ಯಾರದ್ದಾದ್ರೂ ಸರಿ ಸರ್. ನಾವು ಹೆಸರು ನೋಡಲ್ಲ. ಒಂದು ಗಂಟೆ ಸಾಕು."

ಅಂದಿನಿಂದ ನಿರ್ದೇಶಕರೇ ಎದ್ದು ನಿಂತು ಅತ್ತಿಗೆಗೆ ನಮಸ್ಕಾರ ಹೇಳುತ್ತಾರೆ. ಮನೆಗೆ ಬಂದರೆ ಅತ್ತಿಗೆಯದು ಒಂದೇ ಹೊಗಳಿಕೆ: "ಅಷ್ಟು ದೊಡ್ಡ ಮನುಷ್ಯ, ಒಂಚೂರೂ ಕೊಬ್ಬಿಲ್ಲ ನೋಡು."